ತುಂಗಾ ಸೇತುವೆಯ ಈಚೆ ದಡ

ಕಂಪ್ಯೂಟರ್ ಹ್ಯಾಂಗ್ ಆಗುವುದು ಬೇರೆ, ಕ್ರ್ಯಾಶ್ ಆಗುವುದು ಬೇರೆ. ಈ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವವರನ್ನು ನಾನು ಆಗಲೂ ತಿದ್ದುತ್ತಿದ್ದೆ, ಈಗಲೂ ತಿದ್ದುತ್ತೇನೆ. ಹ್ಯಾಂಗ್ ಆದಾಗ ತೆರೆಯ ಮೇಲಿನ ಚಿತ್ರ ಇದ್ದಲ್ಲೇ ನಿಂತುಬಿಡುತ್ತದೆ. ಕಾಯುವವರಿಗೆ ಆಸೆಯಾದರೂ ಉಳಿದಿರುತ್ತದೆ. ಕ್ರ್ಯಾಶ್ ಆದಾಗ ನೋಡುತ್ತಿದ್ದುದೆಲ್ಲ ಒಮ್ಮೆಗೇ ಮಾಯವಾಗಿ, ಬೂದುಬಣ್ಣದ ಸಣ್ಣ ಚೌಕವೊಂದು ಬಂದು ಕೂರುತ್ತದೆ. ಅದರಲ್ಲಿ ಕ್ಷಮಾಪಣೆಯೂ ಇಲ್ಲದ, ಕಾರಣವೂ ಇಲ್ಲದ ಎರಡು ಸಾಲು ಇಂಗ್ಲಿಷ್ ಇರುತ್ತದೆ. ನಮ್ಮ ತಂದೆಯ ರೈಲು ತುಂಗಾ ಸೇತುವೆಯ ಮೇಲೆ ಗಾಲಿ ಇಟ್ಟಾಗಲೆಲ್ಲ ಆಗುತ್ತಿದ್ದುದು ಈ ಎರಡನೆಯದು.

ಅದು ರೈಲು ಓಡಿಸುವ ಆಟ. ಎರಡು ಸಾವಿರದ ಇಸವಿ ಕಳೆದ ಮೇಲಿನ ಮೊದಲ ವರ್ಷಗಳ ಮಾತು. ಭದ್ರಾವತಿಯ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿದ್ದ ನನ್ನ ತಮ್ಮ, ಕಂಪ್ಯೂಟರ್ ಕೊಂಡ ಹೊಸದರಲ್ಲಿ ಅದರ ಸಿ.ಡಿ.ಯನ್ನು ತಂದಿದ್ದ. ಒಳಗಿದ್ದುದೆಲ್ಲ ಪರದೇಶದ ದಾರಿಗಳು: ಹಿಮದ ಬೆಟ್ಟ, ಪೈನ್ ಮರ, ಹಸಿರು ಬಣ್ಣ ಬಳಿದ ಇಂಜಿನ್ನು. ಆದರೆ ಆಟ ತಯಾರಿಸಿದವರು ಒಂದು ಉದಾರತೆ ತೋರಿದ್ದರು. ಆಡುವವರು ತಮ್ಮದೇ ಹಳಿ, ತಮ್ಮದೇ ಊರು, ತಮ್ಮದೇ ಇಂಜಿನ್ನುಗಳನ್ನು ಕಟ್ಟಿ ಆಟದೊಳಕ್ಕೆ ಸೇರಿಸಬಹುದಿತ್ತು. ಹೀಗೆ ಸೇರಿಸಿದ್ದಕ್ಕೆ ಮಾಡ್ ಎನ್ನುತ್ತಾರೆಂದು ತಮ್ಮ ಹೇಳಿದ. ದಿನವಿಡೀ ಕಾರ್ಖಾನೆಯಲ್ಲಿ ಬೇರೆಯವರ ಯಂತ್ರಗಳ ನಕ್ಷೆ ಬಿಡಿಸುತ್ತಿದ್ದವನು, ಸಂಜೆ ಮನೆಗೆ ಬಂದು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಮೀಟರ್ ಗೇಜ್ ದಾರಿಯನ್ನು ಕಟ್ಟತೊಡಗಿದ. ಭದ್ರೆಯ ಈಚೆಯಿಂದ ಆರಂಭಿಸಿ, ತುಂಗೆಯನ್ನು ದಾಟಿ, ಶಿವಮೊಗ್ಗ ಟೌನ್ ನಿಲ್ದಾಣದ ಪ್ಲಾಟ್‌ಫಾರ್ಮಿನವರೆಗೆ.

ಕಟ್ಟಿದ್ದು ನಮ್ಮ ತಂದೆಗಾಗಿ. ಅವರು ಉಗಿಬಂಡಿಯ ಡ್ರೈವರ್ ಆಗಿದ್ದವರು. ತೊಂಬತ್ತರ ದಶಕದಲ್ಲಿ ಹಳಿಗಳನ್ನು ಕಿತ್ತು ಅಗಲ ಮಾಡಿದಾಗ ಅವರು ನಿವೃತ್ತಿಯ ಹೊಸ್ತಿಲಲ್ಲಿದ್ದರು. ಆಮೇಲೆ ಆ ದಾರಿಯಲ್ಲಿ ಪ್ರಯಾಣಿಕರಾಗಿಯೂ ಹೋಗಲಿಲ್ಲ. ನಾವು ಕಂಪ್ಯೂಟರ್ ಕೊಂಡ ಕಾಲಕ್ಕೆ ಅವರ ಕಣ್ಣಿನ ಒತ್ತಡ ಏರಿ, ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬಂದಿತ್ತು. ಶಿವಮೊಗ್ಗದ ಕಣ್ಣಿನ ವೈದ್ಯರು, ಹೋದದ್ದನ್ನು ತರಲಾಗುವುದಿಲ್ಲ, ಉಳಿದದ್ದನ್ನು ಎಷ್ಟು ಕಾಲ ಉಳಿಸಿಕೊಳ್ಳಬಹುದೋ ನೋಡೋಣ ಎಂದು ಹನಿಮದ್ದು ಬರೆದುಕೊಟ್ಟಿದ್ದರು. ತಂದೆ ಅದನ್ನು ತಮ್ಮ ಭಾಷೆಗೆ ತಿರುಗಿಸಿಕೊಂಡಿದ್ದರು.

"ಸುರಂಗದೊಳಗೆ ಹೋಗ್ತಾ ಇದೀನಿ ಮಾರಾಯ್ತಿ. ಎದುರಿಗೆ ಒಂದು ರೌಂಡು ಬೆಳಕಿದೆ. ಆದ್ರೆ ಈ ಸುರಂಗದಲ್ಲಿ ಮುಂದೆ ಹೋದಷ್ಟೂ ಬೆಳಕು ಚಿಕ್ಕದಾಗುತ್ತೆ, ಅದೊಂದೇ ವ್ಯತ್ಯಾಸ."

ಆ ಉಳಿದ ಬೆಳಕಿನ ಅಳತೆಗೆ ಕಂಪ್ಯೂಟರಿನ ತೆರೆ ಸರಿಯಾಗಿ ಹೊಂದುತ್ತಿತ್ತು. ಕುರ್ಚಿಯನ್ನು ಮೇಜಿಗೆ ಒತ್ತಿ ಎಳೆದುಕೊಂಡು, ಕತ್ತನ್ನು ನೆಟ್ಟಗೆ ಹಿಡಿದು ಕೂತರೆ ಅವರಿಗೆ ಹಳಿ ಕಾಣುತ್ತಿತ್ತು. ಅವರು ಕೇಳಿದ್ದು ಒಂದೇ: ಕಣ್ಣು ಪೂರ್ತಿ ಮುಚ್ಚುವ ಮುಂಚೆ ಒಂದು ಸಲ ಭದ್ರಾವತಿ ಬಿಟ್ಟು ಶಿವಮೊಗ್ಗದ ಪ್ಲಾಟ್‌ಫಾರ್ಮಿಗೆ ಗಾಡಿ ತಂದು ನಿಲ್ಲಿಸಬೇಕು.

ಆ ದಾರಿಯನ್ನು ತಮ್ಮ ಕಟ್ಟಿದ ಎನ್ನುವುದು ಅರ್ಧ ಸತ್ಯ. ತಂದೆ ಹೇಳಿ ಬರೆಸಿದರು ಎಂದರೆ ಪೂರ್ತಿಯಾಗುತ್ತದೆ. ನಾನು ಶಿವಮೊಗ್ಗದ ವಿದ್ಯಾನಗರದಲ್ಲಿದ್ದು, ಅಲ್ಲಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಭಾನುವಾರಗಳಂದು ಬಸ್ಸು ಹತ್ತಿ ಭದ್ರಾವತಿಯಲ್ಲಿ ತಂದೆಯೂ ತಮ್ಮನೂ ಇದ್ದ ಕ್ವಾರ್ಟರ್ಸಿಗೆ ಹೋದಾಗ ಈ ಹೇಳಿ ಬರೆಸುವಿಕೆಯನ್ನು ಕೇಳುತ್ತಿದ್ದೆ. ಉಗಿಬಂಡಿಯ ಡ್ರೈವರು ದಾರಿಯನ್ನು ಅಳತೆಯಿಂದ ತಿಳಿಯುವುದಿಲ್ಲ, ಗುರುತುಗಳಿಂದ ತಿಳಿಯುತ್ತಾನೆ ಎಂಬುದು ನನಗೆ ಆಗ ಗೊತ್ತಾಯಿತು. ಸಕ್ಕರೆ ಕಾರ್ಖಾನೆಯ ಚಿಮಣಿ ಕಂಡರೆ ಬೆಂಕಿಗೆ ಕಲ್ಲಿದ್ದಲು ಹಾಕಿಸಬೇಕು. ಗೇಟಿನ ಪಕ್ಕದ ಹೆಂಚಿನ ಮನೆ ಬಂದರೆ ಸೀಟಿ. ವಿದ್ಯಾನಗರ ದಾಟಿದ ಮೇಲೆ ಬಲಗಡೆಗೆ ಒಂದು ದೊಡ್ಡ ಹುಣಸೆಮರ; ಅದು ಎದುರಾದ ಕೂಡಲೇ ರೆಗ್ಯುಲೇಟರ್ ಮುಚ್ಚಿ ಉಗಿಯನ್ನು ನಿಲ್ಲಿಸಬೇಕು, ಗಾಡಿ ತನ್ನ ತೂಕದಲ್ಲೇ ಉರುಳಿಕೊಂಡು ಸೇತುವೆಗೆ ಹೋಗಬೇಕು. ಅದರಾಚೆ ಬಟ್ಟೆ ಒಗೆಯುವ ಕಲ್ಲುಗಳು, ಅದರಾಚೆ ನೀರು.

"ಹುಣಸೆಮರ ಎಷ್ಟು ದೂರದಲ್ಲಿತ್ತು ಅಪ್ಪಾಜಿ? ಮೀಟರಲ್ಲಿ ಹೇಳಿ," ಎಂದು ತಮ್ಮ ಕೇಳಿದರೆ,

"ಮೀಟರು ಯಾರಿಗೆ ಗೊತ್ತೋ? ಅಲ್ಲಿ ಸ್ಟೀಮು ಮುಚ್ಚಿದ್ರೆ ಗಾಡಿ ಸೇತುವೆ ಮೇಲೆ ಮದುವೆ ಹೆಣ್ಣು ನಡೆದ ಹಾಗೆ ಹೋಗ್ಬೇಕು. ಹಾಗೆ ಹೋಗೋ ಕಡೆ ಇಡು," ಎನ್ನುತ್ತಿದ್ದರು.

ತಮ್ಮ ಮರವನ್ನು ಹಿಂದಕ್ಕೆ ಮುಂದಕ್ಕೆ ಸರಿಸುತ್ತ ಗಾಡಿ ಓಡಿಸಿ ನೋಡುತ್ತಿದ್ದ. ಮರವೂ ಸುಮ್ಮನೆ ಮರವಲ್ಲ. ಯಾವ ಕೊಂಬೆ ಹಳಿಯ ಕಡೆ ಬಾಗಿತ್ತು, ಎಲ್ಲಿ ಸಿಡಿಲು ಬಡಿದು ಬೋಳಾಗಿತ್ತು, ಎಲ್ಲವನ್ನೂ ಕೇಳಿ ಕೇಳಿ ಬಿಡಿಸಿದ. ಅಸಲಿ ಮರವನ್ನು ಹಳಿ ಅಗಲ ಮಾಡುವಾಗಲೇ ಕಡಿದಿದ್ದರು. ಕೊನೆಗೊಂದು ಭಾನುವಾರ ತಂದೆ ತೆರೆಗೆ ಮೂಗು ತಾಗಿಸುವಷ್ಟು ಬಗ್ಗಿ, "ಹ್ಞೂಂ. ಇದೇ," ಎಂದರು. ನನ್ನ ವೃತ್ತಿಜೀವನದಲ್ಲಿ ನಾನು ಯಾವ ಉತ್ತರ ಪತ್ರಿಕೆಗೂ ಅಷ್ಟು ನಿಶ್ಚಯವಾಗಿ ಅಂಕ ಕೊಟ್ಟಿಲ್ಲ.

ಇಂಜಿನ್ನಿನ ವಿಷಯದಲ್ಲಿ ಮಾತ್ರ ಆಧಾರವಾಗಿ ಒಂದು ಛಾಯಾಚಿತ್ರವಿತ್ತು. ತಂದೆ ತಮ್ಮ ಇಂಜಿನ್ನಿನ ಜೊತೆ ತೆಗೆಸಿಕೊಂಡಿದ್ದ ಒಂದೇ ಚಿತ್ರ ಅದು, ಆಯುಧಪೂಜೆಯ ದಿನದ್ದು. ಮಿಕ್ಕ ದಿನಗಳಲ್ಲಿ ಇಂಜಿನ್ನಿನ ಚಿತ್ರ ತೆಗೆಯುವವರು ಯಾರು? ಅದರ ಮೂತಿಗೆ ಮೂರು ಬೆರಳಿನಲ್ಲಿ ಎಳೆದ ವಿಭೂತಿ, ಎರಡು ಕಡೆ ಕಟ್ಟಿದ ಬಾಳೆಕಂದು, ಹೊಗೆಗೂಡಿನ ಸುತ್ತ ಚೆಂಡುಹೂವಿನ ದಪ್ಪ ಹಾರ. ತಮ್ಮ ಚಿತ್ರದಲ್ಲಿದ್ದುದನ್ನು ಇದ್ದಂತೆಯೇ ಬಿಡಿಸಿದ. ಹಾರದ ಒಂದೊಂದು ಹೂವನ್ನೂ ಬೇರೆಬೇರೆಯಾಗಿ ಅಂಟಿಸಿದ. ಹಾರದ ಕೆಳಗೆ ಇಂಜಿನ್ನು ಹೇಗಿತ್ತೆಂಬುದು ಚಿತ್ರದಲ್ಲಿ ಕಾಣದ್ದರಿಂದ ಅಲ್ಲಿ ಏನನ್ನೂ ಬಿಡಿಸಲಿಲ್ಲ. ಹೀಗೆ ಆಟದೊಳಗಿನ ನಮ್ಮ ಇಂಜಿನ್ನಿಗೆ ವರ್ಷವಿಡೀ ಆಯುಧಪೂಜೆ.

ಎಲ್ಲವೂ ಮುಗಿಯಿತು ಎನ್ನುವ ಹೊತ್ತಿಗೆ ತಂದೆ ನೀರಿನ ತಕರಾರು ತೆಗೆದರು.

"ಇದೇನೋ ಇದು, ತುಂಗೆಗೆ ಸಿಮೆಂಟ್ ಹಾಕ್ಸಿದೀಯ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಆಟದ ನೀರು ನೀಲಿ ಬಣ್ಣದ ನೆಲದಂತೆ ಅಲುಗದೆ ಬಿದ್ದಿರುತ್ತಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆಯಂಗಡಿಯೊಂದರ ಉಪ್ಪರಿಗೆಯ ಮೇಲೆ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿದ್ದ. ಅವನನ್ನು ವಿಚಾರಿಸಿದಾಗ ಆಟಕ್ಕೆ ಹೊಸ ಅಪ್‌ಡೇಟ್ ಬಂದಿದೆ, ಅದರಲ್ಲಿ ನೀರು ಹೊಳೆಯುತ್ತದೆ, ದಡದ ಮರಗಳ ನೆರಳು ಬೀಳುತ್ತದೆ ಎಂದ, ಸಿ.ಡಿ.ಗೆ ಹಾಕಿಕೊಟ್ಟ. ತಮ್ಮ ಅದನ್ನು ತುಂಬಿಸಿ, ತಾನು ಕಟ್ಟಿದ ದಾರಿಯನ್ನು ತೆರೆದು, ಹೊಸ ರೂಪದಲ್ಲಿ ಉಳಿಸಿದ. ಒಮ್ಮೆ ಹಾಗೆ ಉಳಿಸಿದ ದಾರಿಯನ್ನು ಹಳೆಯ ಆಟ ಓದಲಾರದು ಎಂಬುದು ನಮಗೆ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ನಾವು ತುಂಗೆಯನ್ನು ನೋಡಿ ಬೆರಗಾಗಿದ್ದೆವು. ನೀರು ನಿಜಕ್ಕೂ ಮಿನುಗುತ್ತಿತ್ತು.

ಮುಂದಿನ ಭಾನುವಾರ ತಂದೆ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತರು. ಭದ್ರಾವತಿ ಬಿಟ್ಟಿತು. ಚಿಮಣಿ ಬಂತು. ಹೆಂಚಿನ ಮನೆಗೆ ಸೀಟಿಯಾಯಿತು. ನನ್ನ ವಿದ್ಯಾನಗರ ನನ್ನ ಮನೆಯಿಲ್ಲದೆ ಹಾದುಹೋಯಿತು. ನನ್ನ ಮನೆ ಕಟ್ಟಿದ್ದು ತಂದೆ ಗಾಡಿ ಓಡಿಸುತ್ತಿದ್ದ ಕಾಲ ಮುಗಿದ ಮೇಲೆ. ಹುಣಸೆಮರ ಎದುರಾದಾಗ ಅವರು ತಮ್ಮನಿಗೆ ಕಣ್ಣಿನಲ್ಲಿ ತೋರಿಸಿ, ರೆಗ್ಯುಲೇಟರಿನ ಕೀಲಿಯನ್ನು ಒತ್ತಿದರು. ಗಾಡಿ ಉರುಳಿಕೊಂಡು ಬಂತು. ಒಗೆಯುವ ಕಲ್ಲುಗಳು ಸರಿದವು. ಇಂಜಿನ್ನಿನ ಮುಂಗಾಲಿ ಸೇತುವೆಯ ಮೇಲೆ ಬಂತು ಎನ್ನುವಾಗ ತೆರೆ ಖಾಲಿಯಾಗಿ, ಬೂದು ಚೌಕ ಬಂದು ಕೂತಿತು.

ತಂದೆ ತಮ್ಮ ಕಣ್ಣೇ ಹೋಯಿತೆಂದು ತಿಳಿದರು. ಎರಡೂ ಕೈಗಳಿಂದ ಮೇಜಿನ ಅಂಚನ್ನು ಹಿಡಿದುಕೊಂಡರು.

"ಕಣ್ಣಲ್ಲ ಅಪ್ಪಾಜಿ, ಕಂಪ್ಯೂಟರ್. ಕಂಪ್ಯೂಟರ್ ಹೋಗಿದ್ದು," ಎಂದು ತಮ್ಮ ಅವರ ಭುಜ ಹಿಡಿದು ಮತ್ತೆ ಮತ್ತೆ ಹೇಳಬೇಕಾಯಿತು.

ಅಂದು ಸಂಜೆಯವರೆಗೆ ಎಷ್ಟು ಸಲ ಓಡಿಸಿದರೂ ಅದೇ ಜಾಗ, ಅದೇ ಚೌಕ.

ರಿಪೇರಿಯವನ ಬಳಿಗೆ ಹೋಗುವುದೆಂದರೆ ಸಿ.ಪಿ.ಯು.ವನ್ನು ದುಪ್ಪಟಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುವುದು. ಕಂಡಕ್ಟರು ಗಂಟನ್ನು ನೋಡಿ, "ಏನ್ ಸಾರ್, ಮಗುಗೆ ಹುಷಾರಿಲ್ವಾ?" ಎಂದು ಕೇಳಿದ. ತಮ್ಮ ನಗಲಿಲ್ಲ. ಉಪ್ಪರಿಗೆಯ ಅಂಗಡಿಯವನು ಮುಚ್ಚಳ ಬಿಚ್ಚುವುದಕ್ಕೂ ಮೊದಲೇ ತೀರ್ಪು ಕೊಟ್ಟ.

"ಫಾರ್ಮ್ಯಾಟ್ ಹೊಡೀಬೇಕು."

"ಯಾಕೆ ಕ್ರ್ಯಾಶ್ ಆಗ್ತಿದೆ ಅಂತ ನೋಡದೇ ಫಾರ್ಮ್ಯಾಟಾ?" ಎಂದೆ ನಾನು.

"ಮೇಡಂ, ಯಾಕೆ ಅಂತ ನೋಡ್ತಾ ಕೂತ್ರೆ ನನ್ ಅಂಗಡಿ ನಡೀಬೇಕಲ್ಲ? ಫಾರ್ಮ್ಯಾಟ್ ಹೊಡೆದ್ರೆ ಎಲ್ಲಾ ಕ್ಲೀನು. ಅಸಲಿಗೆ ಏನಾಗಿತ್ತು ಅಂತ ಆ ದೇವರಿಗೂ ಗೊತ್ತಾಗಲ್ಲ."

ಆ ಕಾಲದಲ್ಲಿ ಎಲ್ಲ ಅಂಗಡಿಗಳಲ್ಲೂ, ಎಲ್ಲ ಕಾಯಿಲೆಗಳಿಗೂ ಇದೊಂದೇ ಔಷಧಿಯಿತ್ತು. ತಮ್ಮ ತಾನು ಕಟ್ಟಿದ್ದನ್ನೆಲ್ಲ ಮೊದಲು ಒಂದು ಸಿ.ಡಿ.ಗೆ ಹಾಕಿಸಿಕೊಂಡ. ಸಿದ್ಧವಾದ ವಸ್ತುಗಳಿಗೆ ಮಾತ್ರ ಅದರಲ್ಲಿ ಜಾಗ ಸಾಕಾಯಿತು. ಅವುಗಳನ್ನು ಬಿಡಿಸುವಾಗಿನ ಕಚ್ಚಾ ನಕ್ಷೆಗಳು ಫಾರ್ಮ್ಯಾಟಿನಲ್ಲಿ ಅಳಿದುಹೋದವು. ಮನೆಗೆ ತಂದು ಆಟವನ್ನೂ ಅಪ್‌ಡೇಟನ್ನೂ ಹೊಸದಾಗಿ ಹಾಕಿ, ಸಿ.ಡಿ.ಯಿಂದ ದಾರಿಯನ್ನು ತುಂಬಿ ಓಡಿಸಿದ. ಸೇತುವೆಗೆ ಬಂತು, ಚೌಕ ಬಂತು.

ಆಗ ನಾನು ಕೈಹಾಕಿದೆ. ಕಂಪ್ಯೂಟರಿನ ಬಗ್ಗೆ ನನಗೆ ತಿಳಿದದ್ದು ಬಹಳ ಕಡಿಮೆ. ಆದರೆ ದೋಷವಿರುವ ದೀರ್ಘ ವಾಕ್ಯವನ್ನು ಹೇಗೆ ಪರೀಕ್ಷಿಸಬೇಕೆಂಬುದನ್ನು ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದ್ದೆ. ವಿಶೇಷಣಗಳನ್ನು ಕಳಚು, ಉಪವಾಕ್ಯಗಳನ್ನು ಕಳಚು, ಕೊನೆಗೆ ಉಳಿದದ್ದು ಸರಿಯಾಗಿ ನಿಂತರೆ ದೋಷ ಕಳಚಿದ್ದರಲ್ಲಿದೆ. ಅದೇ ಕ್ರಮವನ್ನು ಇಲ್ಲಿಯೂ ಅನುಸರಿಸೋಣ ಎಂದೆ. ದಾರಿಯಲ್ಲಿರುವ ವಸ್ತುಗಳಲ್ಲಿ ಅರ್ಧವನ್ನು ತೆಗೆದು ಓಡಿಸುವುದು. ಕ್ರ್ಯಾಶ್ ಆದರೆ ಉಳಿದ ಅರ್ಧದಲ್ಲಿ ಮತ್ತೆ ಅರ್ಧ. ತೆಗೆದದ್ದನ್ನು ಕಂಪ್ಯೂಟರಿನಿಂದ ಪೂರ್ತಿಯಾಗಿ ಅಳಿಸಬೇಕು, ಸಂಶಯಕ್ಕೆ ಎಡೆಯಿರಬಾರದು, ಹೇಗೂ ಸಿ.ಡಿ. ಇದೆಯಲ್ಲ.

ತಂದೆ ಒಪ್ಪಲಿಲ್ಲ.

"ಚಿಮಣಿ ತೆಗೆದ್ರೆ ನಾನು ಬೆಂಕಿ ಯಾವಾಗ ಮಾಡಿಸ್ಲಿ?"

"ಇದು ಬರೀ ಪರೀಕ್ಷೆ ಅಪ್ಪಾಜಿ. ಆಮೇಲೆ ವಾಪಸ್ ಇಡ್ತೀವಿ."

"ಲೈನಿನ ಮೇಲೆ ಕೆಲಸ ಮಾಡೋರೆಲ್ಲ ಹಾಗೇ ಹೇಳ್ತಾರೆ. ಕಿತ್ತಿದ್ದು ಎಷ್ಟು ವಾಪಸ್ ಬಂದಿದೆ ಅಂತ ನಾನು ನೋಡಿಲ್ವಾ?"

ಆದರೂ ಎರಡು ದಿನ ಮುನಿಸಿಕೊಂಡಿದ್ದು ಆಮೇಲೆ ಅನುಮತಿ ಕೊಟ್ಟರು. ಮಗಳ ಕ್ರಮದಲ್ಲಿ ಅವರಿಗೆ ಎಷ್ಟು ನಂಬಿಕೆಯಿತ್ತೋ ತಿಳಿಯದು. ತಮ್ಮ ಸುರಂಗದ ಬೆಳಕು ಕಿರಿದಾಗುತ್ತಿದ್ದುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆ ಮಳೆಗಾಲದ ಭಾನುವಾರಗಳೆಲ್ಲ ಹಾಗೆ ಕಳೆದವು. ಚಿಮಣಿ ಹೋಯಿತು. ಹೆಂಚಿನ ಮನೆ ಹೋಯಿತು. ತಂತಿ ಕಂಬಗಳು, ಗೇಟು, ಒಗೆಯುವ ಕಲ್ಲುಗಳು ಹೋದವು. ಪ್ರತಿಯೊಂದು ಸಲವೂ ನಾವು ಮೂವರೂ ಉಸಿರು ಹಿಡಿದು ನೋಡುತ್ತಿದ್ದೆವು; ಪ್ರತಿಯೊಂದು ಸಲವೂ ಮುಂಗಾಲಿ ಸೇತುವೆ ಮುಟ್ಟಿದೊಡನೆ ಚೌಕ. ಅಡುಗೆಮನೆಯಿಂದ ತಮ್ಮನ ಹೆಂಡತಿ, "ಹೋಯ್ತಾ?" ಎಂದು ಕೇಳುತ್ತಿದ್ದಳು. "ಹೋಯ್ತು," ಎಂದು ತಮ್ಮ ಹೇಳುತ್ತಿದ್ದ. ಕಾಫಿ ಬರುತ್ತಿತ್ತು.

ಕೊನೆಗೆ ಹುಣಸೆಮರ ಒಂದೇ ಉಳಿಯಿತು. ಅದನ್ನೂ ತೆಗೆದ ದಿನ ತಂದೆ ಕುರ್ಚಿಯಲ್ಲಿ ಕೂತು ಓಡಿಸುವೆನೆಂದರು. ಬಯಲು ನೆಲ, ಎರಡು ಹಳಿ, ಮೇಲೆ ಬೂದು ಆಕಾಶ. ಗಾಡಿ ಹೋಗುತ್ತಲೇ ಇತ್ತು. ಅವರು ಕೀಲಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು.

"ಎಲ್ಲಿದೀವೋ?"

"ಸೇತುವೆ ಹತ್ರ ಅಪ್ಪಾಜಿ."

"ಗೊತ್ತಾಗ್ತಿಲ್ವಲ್ಲೋ," ಎಂದರು. ನಲವತ್ತು ವರ್ಷ ಇಂಜಿನ್ನಿನ ಮೇಲೆ ಕಳೆದವರು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಉಗಿಯನ್ನು ಮುಚ್ಚದೆ ಗಾಡಿ ವೇಗವಾಗಿ ಸೇತುವೆಗೆ ನುಗ್ಗಿ ಮಾಯವಾಯಿತು. ಕಳಚಲು ಇನ್ನೇನೂ ಉಳಿದಿರಲಿಲ್ಲ. ಕರ್ತೃ, ಕರ್ಮ, ಕ್ರಿಯಾಪದಗಳಷ್ಟೇ ಉಳಿದಿದ್ದ ವಾಕ್ಯವೂ ನಿಲ್ಲಲಿಲ್ಲ. ನನ್ನ ಕ್ರಮ ಅಲ್ಲಿಗೆ ಮುಗಿಯಿತು.

ಆ ಮೇಲಿನ ವಾರ ತಮ್ಮ, ಬೇಸರ ಕಳೆಯಲೆಂದು, ಆಟದ ಜೊತೆಗೇ ಬಂದಿದ್ದ ಪರದೇಶದ ಹಸಿರು ಇಂಜಿನ್ನನ್ನು ಆ ಬಯಲು ದಾರಿಯ ಮೇಲೆ ಬಿಟ್ಟ. ಅದು ಏನೂ ಆಗಿಲ್ಲವೆಂಬಂತೆ ತುಂಗೆಯನ್ನು ದಾಟಿ, ಶಿವಮೊಗ್ಗಕ್ಕೆ ಹೋಗಿ ನಿಂತಿತು. ಮಾರನೆಯ ದಿನ ಕಾರ್ಖಾನೆಯಿಂದ ನನ್ನ ಶಾಲೆಗೆ ಫೋನ್ ಮಾಡಿದ.

"ಅಕ್ಕಾ, ದಾರೀಲಿ ಏನೂ ದೋಷ ಇಲ್ಲ. ಇಂಜಿನ್ನೇ."

ಸೈಬರ್ ಕೆಫೆಯಲ್ಲಿ ಕೂತು ಪರದೇಶದ ಆಟಗಾರರು ಬರೆದುಕೊಂಡಿದ್ದನ್ನು ಹುಡುಕಿದಾಗ ಕಾರಣವೂ ತಿಳಿಯಿತು. ಹೊಸ ಅಪ್‌ಡೇಟಿನಲ್ಲಿ ನೀರಿನ ಮೇಲೆ ಬರುವ ಪ್ರತಿಯೊಂದು ವಸ್ತುವಿನ ಪ್ರತಿಬಿಂಬವನ್ನೂ ಆಟ ಬಿಡಿಸಬೇಕಿತ್ತು. ನಮ್ಮ ಇಂಜಿನ್ನಿನ ಹಾರದಲ್ಲಿ ನೂರಾರು ಬಿಡಿ ಹೂಗಳು, ಹಾರದ ಹಿಂದೆ ಬರೀ ಶೂನ್ಯ. ಇಂಜಿನ್ನು ನೀರಿನ ಮೇಲೆ ಬಂದ ಕೂಡಲೇ ಆಟ ಆ ಹೂಗಳನ್ನೆಲ್ಲ ತಲೆಕೆಳಗಾಗಿ ಬಿಡಿಸಲು ಹೋಗಿ ಸಾಯುತ್ತಿತ್ತು. ನೀರು ಚೆನ್ನಾಗಿರಲೆಂದು ಹಾಕಿದ ಅಪ್‌ಡೇಟು. ಇಂಜಿನ್ನು ಚೆನ್ನಾಗಿರಲೆಂದು ಹಾಕಿದ ಹಾರ. ಅಷ್ಟು ಭಾನುವಾರಗಳಲ್ಲಿ ನಮ್ಮಲ್ಲಿ ಯಾರೂ ಇಂಜಿನ್ನನ್ನು ಶಂಕಿಸಿರಲಿಲ್ಲ. ಪೂಜೆ ಮಾಡಿದ ಇಂಜಿನ್ನಿನ ಮೇಲೆ ಶಂಕೆ ಬರುವ ಮನೆ ನಮ್ಮದಾಗಿರಲಿಲ್ಲ.

ಹಾರವನ್ನು ಮಾತ್ರ ತೆಗೆಯಲು ಬರುತ್ತಿರಲಿಲ್ಲ. ಕಚ್ಚಾ ನಕ್ಷೆ ಅಳಿದಿತ್ತು. ಇಂಜಿನ್ನನ್ನೇ ಮೊದಲಿನಿಂದ ಬಿಡಿಸಬೇಕು. ಈ ಸಲ ಹಾರದ ಕೆಳಗಿನ ಇಂಜಿನ್ನನ್ನು ತಂದೆಯ ಬಾಯಿಂದ ಕೇಳಿ ಬಿಡಿಸಿದ. ಅಷ್ಟರಲ್ಲಿ ಮಳೆಗಾಲ ಮುಗಿದಿತ್ತು. ತಂದೆ ಕೇಳಿಸಿಕೊಂಡು ಹೇಳಬಲ್ಲವರಾಗಿದ್ದರು. ತೆರೆಯ ಮೇಲೆ ಬಂದದ್ದನ್ನು ನೋಡಿ ಒಪ್ಪುವ ಶಕ್ತಿ ದಿನದಿನಕ್ಕೆ ಇಳಿಯುತ್ತಿತ್ತು. ಮೊದಲು ತೆರೆಯ ಒಂದು ಮೂಲೆಯನ್ನು ಹುಡುಕಿಕೊಂಡು ಅಲ್ಲಿಂದ ಕತ್ತನ್ನು ಸರಿಸುತ್ತಿದ್ದವರು, ಆಮೇಲೆ ಮೂಲೆಯನ್ನೂ ಕೈಯಿಂದ ಮುಟ್ಟಿ ಹುಡುಕತೊಡಗಿದರು.

ಆಯುಧಪೂಜೆ ಬಂತು. ತಮ್ಮನ ಹೆಂಡತಿ ಎಲ್ಲರ ಮನೆಯ ಸೊಸೆಯಂದಿರಂತೆ ಮನೆಯ ಉಪಕರಣಗಳನ್ನೆಲ್ಲ ಒರೆಸಿ ಪೂಜಿಸಿದಳು. ಮಿಕ್ಸಿ, ಹೊಲಿಗೆ ಯಂತ್ರ, ಸ್ಕೂಟರು, ಕಂಪ್ಯೂಟರು. ಕಂಪ್ಯೂಟರಿನ ಪಕ್ಕದಲ್ಲಿದ್ದ ಸಿ.ಡಿ.ಗಳನ್ನೂ ಬಿಡಲಿಲ್ಲ, ಈ ಮನೆಯಲ್ಲಿ ಆ ವರ್ಷ ಅತಿ ಹೆಚ್ಚು ಕೆಲಸ ಮಾಡಿದ ಆಯುಧ ಅವೇ ಎಂದು ಅವಳ ಲೆಕ್ಕ. ಪ್ರತಿಯೊಂದಕ್ಕೂ ಗಂಧ ತೇಯ್ದು ಹಚ್ಚಿ, ಅದರ ಮೇಲೆ ಮೂರು ಬೆರಳಿನ ವಿಭೂತಿ ಎಳೆದಿದ್ದಳು. ಮಾರನೆಯ ದಿನ ಒಣಗಿದ್ದನ್ನು ಬಟ್ಟೆಯಿಂದ ಉಜ್ಜಿ ಒರೆಸಿದಾಗ ಹೊಳೆಯುವ ಮೈಯ ಮೇಲೆ ಮೂರು ಗೆರೆಗಳ ಗೀರು ಉಳಿಯಿತು.

"ಹೊಳೆಯೋ ಕಡೆಗೇ ಯಾಕೆ ಹಚ್ಚಿದೆ ಮಾರಾಯ್ತಿ?" ಎಂದು ತಮ್ಮ ತಲೆಯ ಮೇಲೆ ಕೈಹೊತ್ತು ಕೇಳಿದ.

"ಮತ್ತೆ? ಬೆನ್ನಿಗೆ ಯಾರಾದ್ರೂ ವಿಭೂತಿ ಹಚ್ತಾರಾ? ಅದೇ ಮುಖ ಅಂದ್ಕೊಂಡೆ," ಎಂದಳು ಅವಳು. ಆಮೇಲೆ ಅಳುತ್ತ ಒಳಗೆ ಹೋದಳು. ಅವಳನ್ನು ಸಮಾಧಾನ ಮಾಡಲು ಹೋದದ್ದು ತಂದೆಯೇ. "ಅಳಬೇಡ ಮಗಾ. ಇಂಜಿನ್ನಿಗೆ ನಾನೂ ಮುಖಕ್ಕೇ ಹಚ್ತಿದ್ದೆ," ಎಂದರು. ಗೀರು ಬಿದ್ದದ್ದು ಅವರ ದಾರಿಯಿದ್ದ ಸಿ.ಡಿ.ಗೆ ಎಂಬುದನ್ನು ನಾವಿನ್ನೂ ಅವರಿಗೆ ಹೇಳಿರಲಿಲ್ಲ.

ಸಿ.ಡಿ. ಪೂರ್ತಿ ಹಾಳಾಗಿರಲಿಲ್ಲ. ಚಿಮಣಿ ಬಂತು, ಹೆಂಚಿನ ಮನೆ ಬಂತು, ಗೇಟು, ಒಗೆಯುವ ಕಲ್ಲುಗಳು ಎಲ್ಲವೂ ಒಂದೊಂದಾಗಿ ಮರಳಿದವು. ಗೀರಿನ ಅಡಿಯಲ್ಲಿ ಸಿಕ್ಕಿ ಮರಳದೇ ಹೋದವುಗಳಲ್ಲಿ ಹುಣಸೆಮರ ಒಂದು. ಗಾಂಧಿ ಬಜಾರಿನವನು ಸಿ.ಡಿ.ಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ, ಬೇರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿದ, ಕೊನೆಗೆ, "ಫಾರ್ಮ್ಯಾಟ್..." ಎಂದು ಆರಂಭಿಸಿ ನಮ್ಮ ಮುಖ ನೋಡಿ ನಿಲ್ಲಿಸಿದ. ತಮ್ಮ ಆ ಜಾಗ ಖಾಲಿಯಿರಬಾರದೆಂದು ಆಟದೊಳಗೆ ಸಿದ್ಧವಾಗಿದ್ದ ಮರಗಳಲ್ಲಿ ಒಂದನ್ನು ನೆಟ್ಟ. ಅದು ಪೈನ್ ಮರ. ವಿದ್ಯಾನಗರದ ಬಯಲಿನಲ್ಲಿ ಅದು ದಾರಿ ತಪ್ಪಿ ಬಂದವನಂತೆ ನೆಟ್ಟಗೆ ನಿಂತಿತ್ತು.

ಹೊಸ ಇಂಜಿನ್ನು ಸೇತುವೆಯನ್ನು ದಾಟುತ್ತದೆಂಬುದನ್ನು ತಮ್ಮ ಒಬ್ಬನೇ ಪರೀಕ್ಷಿಸಿ ಖಚಿತ ಮಾಡಿಕೊಂಡ. ಆ ಭಾನುವಾರ ನಾನು ಹೋದಾಗ ಬೆಳಗಿನ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ತಂದೆ ಆಗಲೇ ಇಸ್ತ್ರಿ ಅಂಗಿಯಲ್ಲಿ ಕೂತಿದ್ದರು. ಆದರೆ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಿರಲಿಲ್ಲ.

"ನೀನೇ ಓಡಿಸೋ," ಎಂದರು ತಮ್ಮನಿಗೆ. "ನೀನು ಮಾರಾಯ್ತಿ, ನನ್ ಫೈರ್‌ಮನ್. ಬಂದಿದ್ದು ಬಂದ ಹಾಗೆ ಕೂಗಿ ಹೇಳು. ನಾನು ಹೇಳ್ದಾಗ ಇವನು ಮಾಡ್ಲಿ."

ಅದು ಅವರ ಕೆಲಸದ ರೀತಿಯೇ ಆಗಿತ್ತು. ಇಂಜಿನ್ನಿನಲ್ಲಿ ಒಂದು ಪಕ್ಕ ಡ್ರೈವರು ನೋಡಿದರೆ ಇನ್ನೊಂದು ಪಕ್ಕ ಕಲ್ಲಿದ್ದಲು ಹಾಕುವ ಫೈರ್‌ಮನ್ ನೋಡಿ ಕೂಗುತ್ತಾನೆ. ಕೇಳಿದವನು ಅದನ್ನೇ ತಿರುಗಿ ಕೂಗುತ್ತಾನೆ. ಕೂಗಿದ್ದು ಕಂಡದ್ದೇ ಆಗಿರಬೇಕು, ಊಹೆಯಾಗಿರಬಾರದು. ಅದರ ಮೇಲೆ ಹಿಂದಿನ ಬೋಗಿಗಳಲ್ಲಿ ಕೂತವರ ಪ್ರಾಣವಿರುತ್ತದೆ.

ಭದ್ರಾವತಿ ಬಿಟ್ಟಿತು. ಕಂಪ್ಯೂಟರಿನ ಎರಡು ಸಣ್ಣ ಸ್ಪೀಕರುಗಳಿಂದ ಉಗಿಯ ಏದುಸಿರು ಬರುತ್ತಿತ್ತು. ತಂದೆ ಅದಕ್ಕೆ ತಕ್ಕಂತೆ ತೊಡೆಯ ಮೇಲೆ ಬೆರಳು ತಟ್ಟುತ್ತಿದ್ದರು.

"ಚಿಮಣಿ," ಎಂದೆ.

"ಚಿಮಣಿ. ಬೆಂಕಿ ಮಾಡು."

"ಹೆಂಚಿನ ಮನೆ."

"ಹೆಂಚಿನ ಮನೆ. ಸೀಟಿ ಹೊಡಿ." ಸೀಟಿ ಕೇಳಿದಾಗ ಅವರ ಮುಖ ಅರಳಿತು. ಅಡುಗೆಮನೆಯ ಬಾಗಿಲಲ್ಲಿ ತಮ್ಮನ ಹೆಂಡತಿ ಸೆರಗಿನಿಂದ ಕೈ ಒರೆಸುತ್ತ ನಿಂತಿದ್ದಳು.

ವಿದ್ಯಾನಗರ ಕಳೆಯಿತು. ತಂದೆ ತೊಡೆಯ ಮೇಲಿನ ಬೆರಳನ್ನು ನಿಲ್ಲಿಸಿ, ಕಿವಿಯನ್ನು ಒಂದು ಕಡೆ ವಾಲಿಸಿದರು.

"ಈಗ ಬರ್ಬೇಕು. ಹುಣಸೆಮರ. ಬಂತಾ?"

ತೆರೆಯ ಬಲಗಡೆಯಲ್ಲಿ ಪೈನ್ ಮರ ದೊಡ್ಡದಾಗುತ್ತ ಬರುತ್ತಿತ್ತು. ತಮ್ಮ ನನ್ನ ಕಡೆ ತಿರುಗಿ, ಹೇಳು ಎನ್ನುವಂತೆ ಹುಬ್ಬು ಹಾರಿಸಿದ. ಇಲ್ಲ ಎನ್ನಬೇಡ ಎಂದು ಅವನ ಮುಖ ಬೇಡುತ್ತಿತ್ತು.

"ಮರ ಬಂತು ಅಪ್ಪಾಜಿ," ಎಂದೆ.

ಅವರು ತಿರುಗಿ ಕೂಗಲಿಲ್ಲ.

"ಹುಣಸೆಮರಾನಾ?"

ಹೌದು ಎಂಬ ಒಂದು ಮಾತು ಸಾಕಿತ್ತು. ತಪ್ಪು ಉತ್ತರಕ್ಕೆ ಅರ್ಧ ಅಂಕವನ್ನೂ ಕೊಡದೆ ಬದುಕಿದವಳು ನಾನು. ಆದರೆ ಅಂದು ನನ್ನನ್ನು ತಡೆದದ್ದು ಆ ಅಭ್ಯಾಸವಲ್ಲ. ಅವರು ನನ್ನನ್ನು ಫೈರ್‌ಮನ್ ಎಂದು ಕರೆದಿದ್ದರು.

"ಅಲ್ಲ ಅಪ್ಪಾಜಿ. ಬೇರೆ ಮರ."

"ಹಾಗಾದ್ರೆ ನಿಲ್ಸು," ಎಂದರು.

"ಅಪ್ಪಾಜಿ, ಸೇತುವೆ ಸರಿಹೋಗಿದೆ. ನಾನು ನೋಡಿದೀನಿ. ಶಿವಮೊಗ್ಗ ಇಲ್ಲೇ ಎದುರಿಗಿದೆ..." ಎಂದ ತಮ್ಮ.

"ಮರ ಕಾಣದೇ ಸೇತುವೆ ಹತ್ತೋ ಹಾಗಿಲ್ಲ. ನಿಲ್ಸು ಅಂದ್ನಲ್ಲ."

ತಮ್ಮ ಬ್ರೇಕು ಒತ್ತಿದ. ಗಾಡಿ ಕಿರುಗುಟ್ಟಿಕೊಂಡು, ಒಗೆಯುವ ಕಲ್ಲುಗಳ ಪಕ್ಕದಲ್ಲಿ ನಿಂತಿತು. ಮುಂದೆ ತುಂಗೆ ಮಿನುಗುತ್ತಿತ್ತು. ಆಗ ತಮ್ಮ ಸಿ.ಡಿ.ಯ ವಿಷಯವನ್ನೆಲ್ಲ ಹೇಳಿದ. ತಂದೆ ಸಿಟ್ಟಾಗಲಿಲ್ಲ. ಇನ್ನೊಂದು ಮರ ಬಿಡಿಸು, ಕಾಯ್ತೀನಿ ಎಂದರು.

ಅವನು ಬಿಡಿಸಿದ. ಒಂದಲ್ಲ, ಆ ಚಳಿಗಾಲದಲ್ಲಿ ಹಲವು. ಪ್ರತಿ ಭಾನುವಾರ ನಾನು ತೆರೆಯ ಮುಂದೆ ಕೂತು, ಹೊಸ ಮರವನ್ನು ತಂದೆಗೆ ವರ್ಣಿಸಿ ಹೇಳುತ್ತಿದ್ದೆ. ಬುಡ ಎಷ್ಟು ದಪ್ಪ, ಕವಲು ಎಷ್ಟು ಎತ್ತರದಲ್ಲಿ ಒಡೆಯುತ್ತದೆ, ಬೋಳು ಕೊಂಬೆ ಯಾವ ಕಡೆ ಚಾಚಿದೆ. ವರ್ಣನೆ ನನ್ನ ವೃತ್ತಿ. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳುತ್ತಿದ್ದರು. "ಹತ್ರ ಬಂದಿದೆ," ಎನ್ನುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಅದಲ್ಲ," ಎನ್ನುತ್ತಿದ್ದರು. ಅದು ಹೌದೋ ಅಲ್ಲವೋ ಎಂದು ನೋಡಿ ಹೇಳಬಲ್ಲ ಕಣ್ಣುಗಳು ಜಗತ್ತಿನಲ್ಲಿ ಎರಡೇ ಇದ್ದವು, ಅವು ಈಗ ನೋಡುತ್ತಿರಲಿಲ್ಲ.

"ಎಲ್ಲಿ ತಪ್ಪಿದೆ ಅಪ್ಪಾಜಿ? ಹೇಳಿದ್ರೆ ತಿದ್ದಬಹುದು."

"ನೀನು ಹೇಳೋದರಲ್ಲಿ ಏನೂ ತಪ್ಪಿಲ್ಲ ಮಗಾ. ನನಗೆ ಕಾಣಿಸ್ತಿಲ್ಲ, ಅಷ್ಟೇ."

ಆಮೇಲೆ ಅವರು ಮರದ ವಿಷಯ ಎತ್ತಲಿಲ್ಲ. ಆದರೆ ಸಂಜೆಯ ಹೊತ್ತು ಕಂಪ್ಯೂಟರ್ ಹಾಕಲು ಹೇಳುತ್ತಿದ್ದರು. ತಮ್ಮ ಗಾಡಿಯನ್ನು ಸೇತುವೆಯ ಈಚೆ ದಡದಲ್ಲಿ, ನಿಲ್ಲಿಸಿದ್ದಲ್ಲೇ ತೆರೆಯುತ್ತಿದ್ದ. ನಿಂತ ಇಂಜಿನ್ನಿನಿಂದ ಸಣ್ಣಗೆ ಉಗಿ ಸೋರುವ ಸದ್ದು ಕೋಣೆಯನ್ನು ತುಂಬುತ್ತಿತ್ತು. ತಂದೆ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

"ಬ್ರೇಕು ಗಟ್ಟಿ ಇದೆಯೇನೋ?"

"ಇದೆ ಅಪ್ಪಾಜಿ."

ಆಗ ಅವರು ಕೈಚಾಚಿ, ಮೇಜಿನ ಕೆಳಗಿನ ಸಿ.ಪಿ.ಯು.ವಿನ ತಗಡನ್ನು ಹುಡುಕಿ ಮುಟ್ಟುತ್ತಿದ್ದರು. ಅಂಗೈಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತಿದ್ದರು.

"ಬಿಸಿ ಇದೆ," ಎನ್ನುತ್ತಿದ್ದರು. "ಇರ್ಲಿ. ಬೆಂಕಿ ಆರಿಸ್ಬೇಡಿ."